ಒಲೆ ಹೊತ್ತಿಸೋ ಮೇಣದ ಬಿಲ್ಲೆ: ಮನೆಯಲ್ಲೇ, ಸುರಕ್ಷಿತವಾಗಿ

ಅಂಬಾಜಿದುರ್ಗದ ಸುತ್ತಲಿನ ಹಳ್ಳಿಗಳಲ್ಲಿ, ಚಿಂತಾಮಣಿ, ಶಿಡ್ಲಘಟ್ಟದ ಕಡೆ, ಇವತ್ತಿಗೂ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಕಾಯೋದು ಹಂಡೆ ಒಲೆಯಲ್ಲೇ. ರೇಷ್ಮೆ ಹುಳು ಸೊಪ್ಪು ತಿಂದು ಉಳಿಸಿದ ಹಿಪ್ಪುನೇರಳೆ ಕಡ್ಡಿ, ತೆಂಗಿನ ಮಟ್ಟೆ, ನೀಲಗಿರಿ ಸೌದೆ, ಉರಿಸೋಕೆ ಏನೂ ಕೊರತೆಯಿಲ್ಲ. ಕಷ್ಟ ಇರೋದು ಮೊದಲ ಹತ್ತು ನಿಮಿಷದಲ್ಲಿ. ಸೌದೆ ಸ್ವಲ್ಪ ಹಸಿಯಿದ್ದರೆ ಹೊಗೆ ಬರುತ್ತೇ ಹೊರತು ಉರಿ ಬರಲ್ಲ. ಆಗ ಯಾರೋ ಒಬ್ಬರು ಸೀಮೆಎಣ್ಣೆ ಸುರೀತಾರೆ, ಅದಿಲ್ಲದಿದ್ದರೆ ಬೈಕಿನಿಂದ ಪೆಟ್ರೋಲ್ ತೆಗೀತಾರೆ, ಇಲ್ಲವೇ ಪ್ಲಾಸ್ಟಿಕ್ ಕವರ್ ತುರುಕ್ತಾರೆ.

ಅಪಾಯ ಶುರುವಾಗೋದೇ ಇಲ್ಲಿ. ಒಳಗೆ ಕೆಂಡ ಇದ್ದು, ಮೇಲೆ ಉರಿ ಕಾಣದೇ ಇರುವ ಒಲೆಗೆ ಸೀಮೆಎಣ್ಣೆ ಸುರಿದರೆ ಅದು ತಕ್ಷಣ ಉರಿಯಲ್ಲ. ಬಿಸಿಗೆ ಆವಿಯಾಗಿ ಬಿಳಿ ಹೊಗೆಯ ಹಾಗೆ ತುಂಬಿಕೊಳ್ಳುತ್ತೆ. ಆಮೇಲೆ ಒಂದು ಕಿಡಿ ಸಾಕು, ಒಲೆಯ ಬಾಯಿಂದ ಬೆಂಕಿ ಹೊರಕ್ಕೆ ಹಾಯುತ್ತೆ. ಒಲೆ ಊದಲು ಬಗ್ಗಿದವರ ಮುಖ ಇರೋದು ಸರಿಯಾಗಿ ಅಲ್ಲೇ.

ಫ್ಲಾಶ್ ಪಾಯಿಂಟ್ ಅಂದ್ರೆ ಏನು?

ಒಂದು ಇಂಧನದ ಮೇಲೆ, ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಸೇರುವ ಕನಿಷ್ಠ ತಾಪಮಾನವೇ ಫ್ಲಾಶ್ ಪಾಯಿಂಟ್. ಪೆಟ್ರೋಲಿಗೆ ಇದು ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಅಂದರೆ ನಮ್ಮ ಊರಿನ ಯಾವ ಚಳಿಯಲ್ಲೂ ಅದು ಸಿದ್ಧವಾಗಿಯೇ ಇರುತ್ತೆ. ಸೀಮೆಎಣ್ಣೆಗೆ ಸುಮಾರು 40 ಡಿಗ್ರಿ ಆಸುಪಾಸು. ಮೇಣದಬತ್ತಿಯ ಪ್ಯಾರಾಫಿನ್ ಮೇಣಕ್ಕೆ ಸುಮಾರು 200 ಡಿಗ್ರಿ. ಆದರೆ ಮೇಣ ಕರಗೋಕೆ 50ರಿಂದ 65 ಡಿಗ್ರಿ ಸಾಕು.

ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ನಮ್ಮ ಇಡೀ ವಿಧಾನದ ಬುನಾದಿ. 65 ಡಿಗ್ರಿ ದಾಟಬೇಕು, 200ರ ಹತ್ತಿರಕ್ಕೂ ಹೋಗಬಾರದು. ಪಾತ್ರೆಯನ್ನು ನೇರವಾಗಿ ಗ್ಯಾಸ್ ಮೇಲಿಟ್ಟು "ನೋಡ್ಕೊಂಡ್ರೆ ಆಯ್ತು" ಅನ್ನೋದು ಸರಿಯಲ್ಲ. ಫೋನ್ ಬಂದರೆ, ಯಾರೋ ಕರೆದರೆ, ತಳ ಸುಡುತ್ತಾ ಹೋಗುತ್ತೆ. ಮೇಣ ಹಾಲಿನ ಹಾಗೆ ಉಕ್ಕಿ ಎಚ್ಚರಿಸೋದೂ ಇಲ್ಲ.

ಅದಕ್ಕೇ ನೀರಿನ ಪಾತ್ರೆಯೊಳಗೆ ಮೇಣದ ಡಬ್ಬ ಇಡೋದು. ತೆರೆದ ಪಾತ್ರೆಯ ನೀರು ಕುದಿಯೋ ಬಿಂದುವನ್ನು ದಾಟಲ್ಲ. ಚಿಂತಾಮಣಿ ಸಮುದ್ರಮಟ್ಟಕ್ಕಿಂತ ಸುಮಾರು 850 ಮೀಟರ್ ಎತ್ತರದಲ್ಲಿರೋದರಿಂದ ಅಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಯಲ್ಲಿ. 1,300 ಮೀಟರಿಗೂ ಎತ್ತರವಿರುವ ಅಂಬಾಜಿದುರ್ಗದ ತುದಿಯಲ್ಲಾದರೆ ಇನ್ನೂ ಒಂದೆರಡು ಡಿಗ್ರಿ ಕಡಿಮೆ. ಎಷ್ಟೇ ಉರಿ ಕೊಟ್ಟರೂ ಮೇಣ ಅದಕ್ಕಿಂತ ಬಿಸಿಯಾಗಲ್ಲ. ನಮ್ಮ ಗಮನ ತಪ್ಪಿದರೂ ನೀರು ಗಮನ ತಪ್ಪಲ್ಲ, ಒಳಗೆ ನೀರು ಇರೋವರೆಗೆ.

ಬೇಕಾದ್ದು

ಮುರಿದ ಮೇಣದಬತ್ತಿ ತುಂಡುಗಳು 240 ಗ್ರಾಂ. ಒಣಗಿದ ಮರದ ಹೊಟ್ಟು ಸುಮಾರು 100 ಗ್ರಾಂ. ಕಾಗದದ ಮೊಟ್ಟೆ ಟ್ರೇಯಿಂದ ಕತ್ತರಿಸಿದ 12 ಗುಂಡಿಗಳು. ಒಂದು ಅಗಲ ಪಾತ್ರೆ, ಅದರೊಳಗೆ ಕೂರುವ ಸ್ಟೀಲ್ ಡಬ್ಬ, ಸೌಟು, ಇಕ್ಕಳ, ಡಬ್ಬಕ್ಕೂ ಪಾತ್ರೆಗೂ ಸರಿಹೊಂದುವ ಮುಚ್ಚಳ.

ಪ್ಲೈವುಡ್, ಎಂಡಿಎಫ್ ಹೊಟ್ಟು ಬೇಡ, ಅದರಲ್ಲಿ ಅಂಟು ಇರುತ್ತೆ. ಪ್ಲಾಸ್ಟಿಕ್ ಟ್ರೇ ಬೇಡವೇ ಬೇಡ. ಹೊಟ್ಟಿನ ಬದಲು ಬಿಡಿಸಿದ ತೆಂಗಿನ ನಾರೂ ಆಗುತ್ತೆ. "ಚೆನ್ನಾಗಿ ಹೊತ್ತಲಿ" ಅಂತ ಕರಗಿದ ಮೇಣಕ್ಕೆ ಕರ್ಪೂರ, ಸೀಮೆಎಣ್ಣೆ ಅಥವಾ ಪೆಟ್ರೋಲ್ ಬೆರೆಸಬೇಡಿ. ಬಿಸಿಗೆ ಅವುಗಳ ಆವಿ ಎದ್ದರೆ ಇಷ್ಟು ಹೊತ್ತು ಕಾಪಾಡಿಕೊಂಡ ಅಂತರವೆಲ್ಲ ಹೋಯ್ತು.

ಮಾಡೋದು ಹೇಗೆ?

1. ಹಾಸ್ಟೆಲ್ ರೂಮಿನಲ್ಲಿ ಬೇಡ. ಗಾಳಿಯಾಡುವ ಜಾಗ, ಸಮತಟ್ಟಾದ ನೆಲ ಆರಿಸಿಕೊಳ್ಳಿ. ಇಂಡಕ್ಷನ್ ಒಲೆ ಇದ್ದರೆ ಒಳ್ಳೇದು, ಅದರಲ್ಲಿ ತೆರೆದ ಉರಿ ಇರಲ್ಲ.
2. ಪಾತ್ರೆಯ ತಳಕ್ಕೆ ಒಂದು ಸಣ್ಣ ಸ್ಟೀಲ್ ಸ್ಟ್ಯಾಂಡ್ ಇಟ್ಟು, ಎರಡು ಮೂರು ಇಂಚು ನೀರು ಹಾಕಿ. ಮೇಣದ ತುಂಡು ತುಂಬಿದ ಡಬ್ಬವನ್ನು ಅದರ ಮೇಲೆ ಕೂರಿಸಿ. ಡಬ್ಬ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು, ಬಾಯಿ ತೆರೆದಿರಬೇಕು.
3. ಸಣ್ಣ ಉರಿಯಲ್ಲಿ ಕರಗಿಸಿ. ನೀರು ಇಂಗುತ್ತಾ ಬಂದರೆ ಪಕ್ಕದಿಂದ ಬಿಸಿನೀರು ಸೇರಿಸಿ. ಮೇಣದೊಳಕ್ಕೆ ನೀರು ಸಿಡಿಯಬಾರದು.
4. ಅಷ್ಟರೊಳಗೆ ಟ್ರೇ ಗುಂಡಿಗಳಿಗೆ ಮುಕ್ಕಾಲು ಭಾಗ ಹೊಟ್ಟು ತುಂಬಿ, ಹಳೇ ತಟ್ಟೆಯ ಮೇಲಿಡಿ.
5. ಮೊದಲು ಒಲೆ ಆರಿಸಿ. ಆಮೇಲೆ ಸೌಟಿನಿಂದ ಒಂದೊಂದೇ ಗುಂಡಿಗೆ ಮೇಣ ಹಾಕಿ. ಹೊಟ್ಟು ಮೇಣ ಹೀರಿಕೊಳ್ಳುತ್ತೆ.
6. ಒಂದು ಗಂಟೆ ಆರಲಿ. ಗುಂಡಿಗಳನ್ನು ಬೇರೆ ಬೇರೆಯಾಗಿ ಕತ್ತರಿಸಿ. ಕಾಗದದ ಅಂಚು ಸ್ವಲ್ಪ ಹೊರಗೆ ಇರಲಿ, ಕಡ್ಡಿ ಗೀರಿ ತಾಗಿಸೋದು ಅದಕ್ಕೇ.

ಉಳಿದ ಮೇಣವನ್ನು ಸಿಂಕಿಗೆ ಸುರಿಯಬೇಡಿ, ಪೈಪಿನಲ್ಲಿ ಗಟ್ಟಿಯಾಗುತ್ತೆ. ಬಿಲ್ಲೆಗಳನ್ನು ಡಬ್ಬದಲ್ಲಿಟ್ಟು ಮುಚ್ಚಿ, ಮಕ್ಕಳಿಗೂ ಇಲಿಗೂ ಸಿಗದ ಹಾಗೆ, ಒಲೆಯಿಂದ ದೂರ ಇಡಿ.

ಒಂದು ಬಿಲ್ಲೆ ಸಾಕಾ?

ಲೆಕ್ಕ ಹಾಕೋಣ. ಒಂದು ಬಿಲ್ಲೆಯಲ್ಲಿ 20 ಗ್ರಾಂ ಮೇಣ. ಗ್ರಾಂಗೆ ಸುಮಾರು 40 ಕಿಲೋಜೌಲ್ ಅಂದರೆ 800 ಕಿಲೋಜೌಲ್. ಅರ್ಧ ಕೆಜಿ ಪುಳ್ಳೆಯಲ್ಲಿ ಶೇಕಡಾ 15 ತೇವ ಇದೆ ಅಂದುಕೊಳ್ಳಿ, 75 ಗ್ರಾಂ ನೀರಾಯ್ತು. ಅದನ್ನು ಬಿಸಿ ಮಾಡಿ ಆವಿಯಾಗಿಸೋಕೆ ಸುಮಾರು 190 ಕಿಲೋಜೌಲ್ ಬೇಕು. ಅರ್ಧಕ್ಕರ್ಧ ಬಿಸಿ ಗಾಳಿಗೆ ಹೋದರೂ ಸಾಲುತ್ತೆ. ಹತ್ತು ನಿಮಿಷ ಉರಿದರೆ ಸರಾಸರಿ 1.3 ಕಿಲೋವ್ಯಾಟ್, ಒಂದು ಸಣ್ಣ ಇಂಡಕ್ಷನ್ ಒಲೆಯಷ್ಟು. ಸೀಮೆಎಣ್ಣೆ ಒಂದೇ ಸಲ ಭುಗ್ಗೆಂದು ಮುಗಿಯುತ್ತೆ. ಬಿಲ್ಲೆಯಲ್ಲಿ ಹೊಟ್ಟು ಬತ್ತಿಯ ಕೆಲಸ ಮಾಡಿ, ಕರಗಿದ ಮೇಣವನ್ನು ನಿಧಾನವಾಗಿ ಮೇಲಕ್ಕೆಳೆದು ಉರಿಸುತ್ತೆ.

ಏನಾದ್ರೂ ಆದ್ರೆ?

ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಲೇಬೇಡಿ. ನೀರು ಮೇಣಕ್ಕಿಂತ ಭಾರ, ತಳಕ್ಕಿಳಿದು ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತೆ, ಉರಿಯುವ ಮೇಣವನ್ನು ಮೇಲಕ್ಕೆ ಎರಚುತ್ತೆ. ಒಲೆ ಆರಿಸಿ, ಪಕ್ಕದಿಂದ ಮುಚ್ಚಳ ಸರಿಸಿ ಮುಚ್ಚಿ, ಪೂರ್ತಿ ತಣಿಯೋವರೆಗೆ ತೆಗೆಯಬೇಡಿ, ಡಬ್ಬ ಎತ್ತಿಕೊಂಡು ಓಡಬೇಡಿ. ಕೈಮೀರಿದರೆ ಎಲ್ಲರನ್ನೂ ಹೊರಗೆ ಕಳಿಸಿ 112ಕ್ಕೆ ಫೋನ್ ಮಾಡಿ. ಮೈಮೇಲೆ ಬಿಸಿ ಮೇಣ ಬಿದ್ದರೆ ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಅಂಟಿದ ಮೇಣ ಕೀಳಬೇಡಿ, ಟೂತ್‌ಪೇಸ್ಟ್ ಹಚ್ಚಬೇಡಿ, ಡಾಕ್ಟರ್ ಹತ್ತಿರ ಹೋಗಿ.

ಕೊನೆಯದಾಗಿ, ಬಿಲ್ಲೆ ಜೇಬಿನಲ್ಲಿಟ್ಟುಕೊಂಡು ಅಂಬಾಜಿದುರ್ಗಕ್ಕೋ ಕೈಲಾಸಗಿರಿಗೋ ಟ್ರೆಕ್ಕಿಂಗ್ ಹೋಗಿ ಕ್ಯಾಂಪ್‌ಫೈರ್ ಹಾಕೋ ಯೋಚನೆ ಬೇಡ. ಬೇಸಿಗೆಯಲ್ಲಿ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತೆ, ಗಾಳಿಗೆ ಹಾರಿದ ಒಂದು ಕೆಂಡ ಇಡೀ ಇಳಿಜಾರನ್ನೇ ಸುಟ್ಟುಬಿಡಬಹುದು. ಇದು ಮನೆಯ ಒಲೆಗೆ ಮಾತ್ರ.

ನಿಮಗೊಂದು ಪ್ರಶ್ನೆ: ಹೊರಪಾತ್ರೆಗೆ ನೀರಿನ ಬದಲು ಅಡುಗೆ ಎಣ್ಣೆ ಹಾಕಿದರೆ ಮೇಣ ಬೇಗ ಕರಗುತ್ತಲ್ವಾ? ಹಾಗಾದ್ರೆ ಯಾಕೆ ಹಾಕಬಾರದು? ಉತ್ತರ ಮೇಲಿನ ಸಂಖ್ಯೆಗಳಲ್ಲೇ ಇದೆ. ರಜೆಗೆ ಊರಿಗೆ ಹೋದಾಗ ಮನೆಯವರ ಜೊತೆ ಕೂತು ಬಿಲ್ಲೆ ಮಾಡಿ, ಈ ಪ್ರಶ್ನೆಗೆ ಉತ್ತರವನ್ನೂ ಅವರಿಗೆ ವಿವರಿಸಿ.