ಭತ್ತದ ಗದ್ದೆಗೆ ಕಣಜ ಬಿಡುವವರಿಗೆ ಒಂದಿಷ್ಟು ಕಿವಿಮಾತು

ಬೆಂಗಳೂರಿನ ಆರ್.ಟಿ. ನಗರದಲ್ಲಿ ಮನೆ ಮಾಡಿಕೊಂಡಿರುವ ನಮ್ಮ ಮಕ್ಕಳೇ, ನಿಮ್ಮಲ್ಲಿ ಹಲವರಿಗೆ ಮದ್ದೂರು, ಮಳವಳ್ಳಿ, ಗಂಗಾವತಿ ಕಡೆ ಅಪ್ಪನ ಕಾಲದ ಗದ್ದೆ ಇನ್ನೂ ಉಳಿದಿದೆ. ಶನಿವಾರ ಊರಿಗೆ ಹೋಗಿ ಭಾನುವಾರ ರಾತ್ರಿ ವಾಪಸಾಗುತ್ತೀರಿ. ನಡುವೆ ಸಿಕ್ಕ ಹೊತ್ತಿನಲ್ಲಿ ಅಂಗಡಿಯವರು ಕೊಟ್ಟ ಔಷಧಿ ತಂದು ಹೊಡೆಸುತ್ತೀರಿ. ಕೊಯ್ಲಾದ ಮೇಲೆ ‘ಭತ್ತದಲ್ಲಿ ಏನೂ ಗಿಟ್ಟಲ್ಲ’ ಅನ್ನುತ್ತೀರಿ. ಬೆಲೆ ಏರಿಸುವುದು ನಮ್ಮ ಕೈಯಲ್ಲಿಲ್ಲ. ಬೇಡದ ಖರ್ಚು ಇಳಿಸುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಆ ದಾರಿಯ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ, ಕೇಳಿ.

• ಖರ್ಚನ್ನು ಭತ್ತದ ತೂಕದಲ್ಲಿ ಲೆಕ್ಕ ಹಾಕಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ. ಔಷಧಿ, ಆಳು, ಪಂಪಿನ ಬಾಡಿಗೆ ಎಲ್ಲ ಸೇರಿ ಒಂದು ಸಲದ ಸಿಂಪಡಣೆಗೆ ಎಕರೆಗೆ 1,500 ರೂಪಾಯಿ ಬಿತ್ತು ಅಂದುಕೊಳ್ಳಿ. ಅದು 63 ಕಿಲೋ ಭತ್ತ. ಮೂರು ಸಲ ಹೊಡೆಸಿದರೆ ಹೆಚ್ಚುಕಡಿಮೆ ಎರಡು ಕ್ವಿಂಟಲ್. ಹುಳ ಅಷ್ಟು ಭತ್ತ ತಿನ್ನುತ್ತಿತ್ತೇ ಎಂದು ಕೇಳಿಕೊಂಡ ಮೇಲೆ ಪಂಪು ಎತ್ತಿ.

• ಔಷಧಿಯ ಬದಲು ಹುಳವನ್ನು ಕೊಲ್ಲುವ ಕಣಜ ಎಂಬ ಪುಟ್ಟ ಕೀಟವನ್ನು ಗದ್ದೆಗೆ ಬಿಡಬಹುದು; ಅದಕ್ಕೆ ಹತ್ತಿರದಲ್ಲಿರುವುದನ್ನು ಬಳಸಿಕೊಳ್ಳಿ. ಬಳ್ಳಾರಿ ರಸ್ತೆಯ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದೆ. ದಿನವೂ ಅದರ ಮುಂದೆ ಓಡಾಡುತ್ತೀರಿ. 1993ರಲ್ಲಿ ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯವಾಗಿದ್ದ ಸಂಸ್ಥೆಯೇ ಇದು. ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸಿಗೆ ಬಿಳಿ ಹಿಟ್ಟು ತಿಗಣೆ ಮುತ್ತಿ ರೈತರು ಕಂಗಾಲಾಗಿದ್ದಾಗ, 2010ರಲ್ಲಿ ಪೋರ್ಟೊ ರಿಕೋದಿಂದ ಆ ತಿಗಣೆಯನ್ನು ಕೊಲ್ಲುವ ಒಂದು ಪುಟ್ಟ ಕಣಜವನ್ನು ತರಿಸಿ, ಸಾಕಿ, ಹಂಚಿದವರು ಇವರೇ. ರೇಷ್ಮೆ ಬೆಳೆಗಾರರ ಸೊಪ್ಪು ಉಳಿಯಿತು.

• ಆದರೆ ಎಲ್ಲ ಕಣಜವೂ ಒಂದೇ ಥರ ಕೆಲಸ ಮಾಡುವುದಿಲ್ಲ. ಹಿಟ್ಟು ತಿಗಣೆಯ ಕಣಜ ಬಿಟ್ಟ ಕಡೆ ನೆಲೆಯೂರಿತು. ಭತ್ತಕ್ಕೆ ಬಿಡುವ ಟ್ರೈಕೋಗ್ರಾಮ ಎಂಬ ಕಣಜವನ್ನು ಪ್ರತಿ ಬೆಳೆಯಲ್ಲೂ, ಅದೂ ಹಲವು ಸಲ ಬಿಡಬೇಕು. ‘ಒಂದು ಸಲ ಬಿಟ್ಟೆ, ಏನೂ ಆಗಲಿಲ್ಲ’ ಎಂದು ಕೈಚೆಲ್ಲುವವರು ಇದನ್ನು ತಿಳಿದಿರಬೇಕು.

• ಯಾವ ಹುಳಕ್ಕೆ ಯಾವ ಜಾತಿ ಎಂದು ಕೇಳಿಯೇ ಕಣಜದ ಕಾರ್ಡು ಕೊಳ್ಳಿ. ಕಾಂಡ ಕೊರೆಯುವ ಹುಳಕ್ಕೆ ಟ್ರೈಕೋಗ್ರಾಮ ಜಪೋನಿಕಮ್, ಎಲೆ ಸುರುಳಿ ಹುಳಕ್ಕೆ ಟ್ರೈಕೋಗ್ರಾಮ ಕೈಲೋನಿಸ್. ಈ ಕಣಜ ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಮರಿ ಒಳಗಿನದನ್ನೆಲ್ಲ ತಿಂದು, ಕಣಜವಾಗಿ ಹೊರಬರುತ್ತದೆ. ಕಾಂಡ ಕೊರೆಯುವ ಮೊದಲೇ ಹುಳದ ಕಥೆ ಮುಗಿಯುತ್ತದೆ. ಮರಿಹುಳು ಕಾಂಡದೊಳಗೆ ಸೇರಿದ ಮೇಲೆ ಈ ಕಣಜದಿಂದ ಏನೂ ಆಗದು.

• ಕಾರ್ಡನ್ನು ಕಣ್ಣಾರೆ ನೋಡಿ ತನ್ನಿ. ಮನೆಯ ಅಕ್ಕಿ ಡಬ್ಬದಲ್ಲಿ ಬಲೆ ಕಟ್ಟಿ ಗಂಟು ಮಾಡುತ್ತದಲ್ಲ, ಆ ಅಕ್ಕಿ ಪತಂಗದ ಮೊಟ್ಟೆಗಳನ್ನು ಕಾರ್ಡಿಗೆ ಅಂಟಿಸಿ, ಅದರಲ್ಲಿ ಕಣಜವನ್ನು ಬೆಳೆಸಿರುತ್ತಾರೆ. ಒಂದು ಕಾರ್ಡಿನಲ್ಲಿ ಸುಮಾರು 20,000 ಮೊಟ್ಟೆ. ಕಣಜ ಸೇರಿದ ಮೊಟ್ಟೆ ಕಪ್ಪಾಗಿರುತ್ತದೆ. ಬಿಳಿ ಮೊಟ್ಟೆಯೇ ಜಾಸ್ತಿ ಇದ್ದರೆ ಬೇಡ ಅನ್ನಿ. ಕಪ್ಪು ಮೊಟ್ಟೆಯ ಮೇಲೆ ಸೂಜಿಮೊನೆಯಷ್ಟು ತೂತು ಕಂಡರೆ ಕಣಜ ಆಗಲೇ ಹಾರಿಹೋಗಿದೆ. ಒಂದು ಚೂರನ್ನು ಗಾಜಿನ ಸೀಸೆಯಲ್ಲಿಟ್ಟು ಬಾಯಿಗೆ ತೆಳುಬಟ್ಟೆ ಕಟ್ಟಿಡಿ. ಎರಡು ಮೂರು ದಿನದಲ್ಲಿ ಗಾಜಿನ ಮೇಲೆ ಧೂಳಿನ ಕಣದಂಥವು ಓಡಾಡಿದರೆ ಮಾಲು ಒಳ್ಳೆಯದು.

• ಕಾರಿನೊಳಗೆ ಬಿಸಿಲಿಗೆ ಇಡಬೇಡಿ. ಕಿಟಕಿ ಏರಿಸಿ ನಿಲ್ಲಿಸಿದ ಕಾರಿನ ಕಾವಿಗೆ ಇಡೀ ಕಾರ್ಡು ಸಾಯುತ್ತದೆ. ಥರ್ಮೋಕೋಲ್ ಡಬ್ಬಿಯಲ್ಲಿ ನೆರಳಿನಲ್ಲೇ ಸಾಗಿಸಿ. ಫ್ರಿಜ್ಜಿನ ಐಸು ಕಟ್ಟುವ ಭಾಗದಲ್ಲೂ ಇಡಕೂಡದು. ತಂದಷ್ಟನ್ನೂ ತಡಮಾಡದೆ ಗದ್ದೆಗೆ ಸೇರಿಸುವುದೇ ಕ್ಷೇಮ.

• ಹೊತ್ತು ನೋಡಿ ಕಟ್ಟಿ. ನಾಟಿಯಾಗಿ ಸುಮಾರು 30 ದಿನಕ್ಕೆ, ಅಥವಾ ದೀಪದ ಬಲೆಯಲ್ಲೋ ಮೋಹಕ ಬಲೆಯಲ್ಲೋ ಪತಂಗ ಕಾಣತೊಡಗಿದ ಕೂಡಲೇ ಶುರುಮಾಡಿ. ಒಂದು ಸಲಕ್ಕೆ ಎಕರೆಗೆ ಎರಡು ಕಾರ್ಡು, ವಾರಕ್ಕೊಮ್ಮೆಯಂತೆ ಐದಾರು ಸಲ. ಕಾರ್ಡನ್ನು ಚೂರುಚೂರಾಗಿ ಕತ್ತರಿಸಿ ಎಕರೆಗೆ ನಲವತ್ತು ಕಡೆ, ಎಲೆಯ ಕೆಳಮೈಗೆ ಸ್ಟೇಪ್ಲರಿನಿಂದ ಹೊಡೆಯಿರಿ. ಸಂಜೆ ಹೊತ್ತು ಒಳ್ಳೆಯದು. ಮಳೆ ಹಿಡಿದ ದಿನ ಬೇಡ. ನೀವು ಬೆಂಗಳೂರಿನಲ್ಲಿದ್ದಾಗ ವಾರದ ಸರತಿ ತಪ್ಪದಂತೆ ಊರಿನಲ್ಲಿ ಒಬ್ಬರಿಗೆ ಕೆಲಸ ಕಲಿಸಿ, ಕೂಲಿ ಕೊಟ್ಟು ಒಪ್ಪಿಸಿ.

• ಕಣಜವನ್ನೂ ವಿಷವನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಕಾರ್ಡು ಕಟ್ಟುವ ಹಿಂದೆ ಮುಂದೆ ಒಂದು ವಾರವಾದರೂ ಕೀಟನಾಶಕ ಕೂಡದು. ಇಲ್ಲವಾದರೆ ಎರಡೂ ದುಡ್ಡು ನೀರಿನಲ್ಲಿ ಹೋಮ.

• ಎಳೆ ಪೈರಿನಲ್ಲಿ ಗಾಬರಿಯಾಗಬೇಡಿ. ತೆಂಡೆ ಒಡೆಯುವ ಕಾಲದಲ್ಲಿ ನಾಲ್ಕು ಸುಳಿ ಒಣಗಿದರೆ ಪೈರು ಹೊಸ ತೆಂಡೆ ಹೊಡೆದು ಸರಿದೂಗಿಸಿಕೊಳ್ಳುತ್ತದೆ. ಬಿಳಿ ತೆನೆ ಬಂದರೆ ಮಾತ್ರ ಆ ನಷ್ಟ ಮತ್ತೆ ತುಂಬದು. ಹಾಗಾಗಿ ತೆನೆ ಬರುವ ಮುಂಚಿನ ವಾರಗಳಲ್ಲಿ ಕಣ್ಣು ಚುರುಕಾಗಿರಲಿ. ಗದ್ದೆಗಿಳಿದು ಚದರ ಮೀಟರಿಗೆ ಕಾಂಡ ಕೊರೆಯುವ ಹುಳದ ಎಷ್ಟು ಮೊಟ್ಟೆಗುಂಪು ಇದೆ ಎಂದು ಎಣಿಸಿ. ಒಂದನ್ನು ಮುಟ್ಟಿದರೆ ಎಚ್ಚರಾಗಬೇಕು. ವಿಯೆಟ್ನಾಂನ ಮೆಕಾಂಗ್ ಬಯಲಿನಲ್ಲಿ 1990ರ ದಶಕದಲ್ಲಿ, ಎಲೆ ಸುರುಳಿ ಹುಳಕ್ಕೆಂದು ಬಿತ್ತನೆಯಾದ ಮೊದಲ 40 ದಿನ ಔಷಧಿ ಹೊಡೆಯಬೇಡಿ ಎಂದು ರೈತರಿಗೆ ಸಾರಿದ್ದು ಎಳೆ ಪೈರು ಹೀಗೆ ಚೇತರಿಸಿಕೊಳ್ಳುತ್ತದೆ ಎಂಬ ಕಾರಣಕ್ಕೇ.

• ನಾಟಿಗೆ ಮುಂಚೆ ಸಸಿಯ ತುದಿ ಕತ್ತರಿಸಿ. ಕಾಂಡ ಕೊರೆಯುವ ಹುಳದ ಪತಂಗ ಎಲೆಯ ತುದಿಯ ಬಳಿ ಕಂದು ರೋಮ ಹೊದಿಸಿ ಮೊಟ್ಟೆ ಇಡುತ್ತದೆ. ತುದಿಯ ಜೊತೆ ಮೊಟ್ಟೆಯೂ ಹೋಗುತ್ತದೆ. ದುಂಡಾಣು ಎಲೆ ಅಂಗಮಾರಿ ಇರುವ ಕಡೆ ಮಾತ್ರ ಹೀಗೆ ಮಾಡಬೇಡಿ, ಗಾಯದ ಮೂಲಕ ರೋಗ ಹರಡುತ್ತದೆ.

• ಕಂದು ಜಿಗಿಹುಳಕ್ಕೆ ಈ ಕಾರ್ಡು ಮದ್ದಲ್ಲ. ಅದನ್ನು ಹಿಡಿತದಲ್ಲಿಡುವವು ಗದ್ದೆಯಲ್ಲೇ ಇರುವ ಜೇಡ, ಮಿರಿಡ್ ತಿಗಣೆ ಮತ್ತು ಬೇರೆ ಜಾತಿಯ ಕಣಜಗಳು. ಪೈರಿಥ್ರಾಯ್ಡ್ ಔಷಧಿ ಹೊಡೆದು ಅವನ್ನು ಕೊಂದರೆ ಜಿಗಿಹುಳು ಮೊದಲಿಗಿಂತ ಹೆಚ್ಚಾಗುತ್ತದೆ. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿದ್ದು ಇದೇ ಪೆಟ್ಟು ತಿಂದು. ನೀವು ಯೂರಿಯಾ ಕೈಯನ್ನು ಬಿಗಿ ಹಿಡಿಯಿರಿ, ನಾಟಿಯಲ್ಲೇ ನಡುನಡುವೆ ಓಣಿ ಬಿಡಿ, ಆಗಾಗ ನೀರು ಬಸಿಯಿರಿ.

• ಬದುವಿನಲ್ಲಿ ಹೂವಿರಲಿ. ಕಣಜಕ್ಕೆ ಮಕರಂದ ಬೇಕು. ಎಳ್ಳು, ಅಲಸಂದೆ, ಚೆಂಡು ಹೂವು ಹಾಕಿ. ಥಾಯ್ಲೆಂಡ್, ಚೀನಾ, ವಿಯೆಟ್ನಾಂಗಳಲ್ಲಿ ಬದುವಿನ ಹೂಗಿಡಗಳ ಮೇಲೆ ನಡೆದ ದೊಡ್ಡ ಅಧ್ಯಯನ 2016ರಲ್ಲಿ ಪ್ರಕಟವಾಯಿತು: ಕೀಟನಾಶಕ ಶೇ 70ರಷ್ಟು ಇಳಿಯಿತು, ಇಳುವರಿ ಶೇ 5ರಷ್ಟು ಏರಿತು, ಆರ್ಥಿಕ ಲಾಭ ಶೇ 7.5ರಷ್ಟು ಹೆಚ್ಚಾಯಿತು. ಬದುವಿನ ಕಳೆಗೆಲ್ಲ ಕಳೆನಾಶಕ ಹೊಡೆದು ಬೋಳು ಮಾಡುವವರು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಿ.

• ಅಕ್ಕಪಕ್ಕದವರನ್ನು ಸೇರಿಸಿಕೊಳ್ಳಿ. ನಿಮ್ಮ ಗದ್ದೆಯಲ್ಲಿ ಕಾರ್ಡು, ಪಕ್ಕದ ಗದ್ದೆಯಲ್ಲಿ ಪಂಪು ಇದ್ದರೆ ಗಾಳಿಗೆ ತೇಲಿ ಬಂದ ವಿಷವೇ ನಿಮ್ಮ ಕಣಜವನ್ನು ಮುಗಿಸುತ್ತದೆ. ಒಂದು ತೂಬಿನ ಕೆಳಗಿನ ಹತ್ತು ಮಂದಿ ಸೇರಿ ರೈತ ಸಂಪರ್ಕ ಕೇಂದ್ರದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ಮುಂಚಿತವಾಗಿ ಕೇಳಿ. ಕಾರ್ಡು ತಯಾರಾಗಲು ದಿನ ಹಿಡಿಯುತ್ತದೆ, ಹುಳ ಬಿದ್ದ ಮೇಲೆ ಓಡಿದರೆ ಸಿಗುವುದಿಲ್ಲ.

• ಮೊದಲ ವರ್ಷ ಅರ್ಧ ಗದ್ದೆಯಲ್ಲಿ ಮಾಡಿ. ಇನ್ನರ್ಧ ಎಂದಿನಂತೆ ಇರಲಿ. ಎರಡರ ಖರ್ಚನ್ನೂ ತೂಕವನ್ನೂ ಒಂದೇ ಪುಸ್ತಕದಲ್ಲಿ ಬೇರೆಬೇರೆ ಬರೆಯಿರಿ. ಕೈಗೆ ಉಳಿದ ದುಡ್ಡನ್ನು ಹೋಲಿಸಿ, ಮುಂದಿನ ವರ್ಷ ಪೂರ್ತಿ ಗದ್ದೆಗೆ ಏನು ಮಾಡಬೇಕೆಂದು ನೀವೇ ತೀರ್ಮಾನಿಸಿ. ಆ ಪುಸ್ತಕವನ್ನು ಪಕ್ಕದ ಗದ್ದೆಯವರಿಗೂ ತೋರಿಸಿ. ನನ್ನ ಮಾತಿಗಿಂತ ನಿಮ್ಮ ಲೆಕ್ಕವನ್ನೇ ಅವರು ಹೆಚ್ಚು ನಂಬುತ್ತಾರೆ.