ಒಬ್ಬರೇ ಇಬ್ಬರಾದದ್ದು ಹೇಗೆ?

ಮಕ್ಕಳೇ, ಡಾ. ರಾಜ್‌ಕುಮಾರ್ ಅಭಿನಯದ ‘ಬಬ್ರುವಾಹನ’ ಚಿತ್ರವನ್ನು ಟಿ.ವಿ.ಯಲ್ಲಿ ನೋಡಿದ್ದೀರಾ? 1977ರಲ್ಲಿ ತೆರೆಕಂಡ ಈ ಚಿತ್ರದ ನಿರ್ದೇಶಕರು ನಮ್ಮ ಪಕ್ಕದ ಊರಿನ ಹೆಸರು ಹೊತ್ತ ಹುಣಸೂರು ಕೃಷ್ಣಮೂರ್ತಿ. ಇದರಲ್ಲಿ ಅರ್ಜುನನೂ ರಾಜ್‌ಕುಮಾರ್, ಮಗ ಬಬ್ರುವಾಹನನೂ ರಾಜ್‌ಕುಮಾರ್! ಇಬ್ಬರೂ ಎದುರುಬದುರು ನಿಂತು ವಾದಿಸುತ್ತಾರೆ. ಒಬ್ಬರೇ ನಟ ಒಂದೇ ಸಮಯದಲ್ಲಿ ಎರಡು ಕಡೆ ಇರುವುದು ಹೇಗೆ ಸಾಧ್ಯ? ಆಗ ನಮ್ಮ ಚಿತ್ರರಂಗಕ್ಕೆ ಕಂಪ್ಯೂಟರ್ ಬಂದಿರಲಿಲ್ಲ.

ಬೆಳಕಿನ ಉಪಾಯ

ಸಿನಿಮಾ ಫಿಲ್ಮಿಗೆ ಬೆಳ್ಳಿಯ ಲವಣಗಳ ಲೇಪನವಿರುತ್ತದೆ. ಬೆಳಕು ಬಿದ್ದ ಕಡೆ ಮಾತ್ರ ಚಿತ್ರ ಮೂಡುತ್ತದೆ. ಆ ಕಾಲದಲ್ಲಿ ದ್ವಿಪಾತ್ರಕ್ಕೆ ಬಳಸುತ್ತಿದ್ದ ಮುಖ್ಯ ಉಪಾಯ ‘ಮಾಸ್ಕಿಂಗ್’. ಮಸೂರದ ಮುಂದೆ ಕಪ್ಪು ತಡೆ ಇಟ್ಟು ದೃಶ್ಯದ ಅರ್ಧ ಭಾಗವನ್ನು ಮರೆಮಾಡುತ್ತಿದ್ದರು. ಉಳಿದರ್ಧದಲ್ಲಿ ನಟ ಅಭಿನಯಿಸುತ್ತಿದ್ದ. ಅನಂತರ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಚಿತ್ರ ಮೂಡಿದ ಭಾಗವನ್ನು ಮುಚ್ಚಿ, ಖಾಲಿ ಭಾಗವನ್ನು ತೆರೆಯುತ್ತಿದ್ದರು. ಅದೇ ನಟ ವೇಷ ಬದಲಿಸಿ ಆ ಬದಿಗೆ ನಿಲ್ಲುತ್ತಿದ್ದ. ಕ್ಯಾಮೆರಾ ಕೂದಲೆಳೆಯಷ್ಟು ಅಲುಗಿದರೂ ಶ್ರಮವೆಲ್ಲ ವ್ಯರ್ಥ!

ಚೌಕಗಳ ಲೆಕ್ಕ

ಡಿಜಿಟಲ್ ಚಿತ್ರವೆಂದರೆ ಲಕ್ಷಾಂತರ ಪುಟ್ಟ ಚೌಕಗಳು. ಇವೇ ಪಿಕ್ಸೆಲ್‌ಗಳು. ಪ್ರತಿಯೊಂದು ಚೌಕದ ಕೆಂಪು, ಹಸಿರು, ನೀಲಿ ಬೆಳಕಿಗೆ ಒಂದೊಂದು ಸಂಖ್ಯೆಯಿದೆ. ಸಾಮಾನ್ಯವಾಗಿ 0ಯಿಂದ 255ರವರೆಗೆ. ಸಂಖ್ಯೆ ಬದಲಿಸಿದರೆ ಬಣ್ಣ ಬದಲಾಗುತ್ತದೆ. ನಟ ಹಸಿರು ಪರದೆಯ ಮುಂದೆ ನಿಂತರೆ ಸಾಕು, ಕಂಪ್ಯೂಟರ್ ಹಸಿರು ಚೌಕಗಳನ್ನು ಗುರುತಿಸಿ ಅಲ್ಲಿ ಕಾಡನ್ನೋ ಕಡಲನ್ನೋ ತುಂಬುತ್ತದೆ. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದಲ್ಲಿ ಯಂತ್ರದ ಡೈನೋಸಾರ್‌ಗಳ ಜೊತೆಗೆ ಕಂಪ್ಯೂಟರ್‌ನಲ್ಲಿ ರೂಪಿಸಿದ ಡೈನೋಸಾರ್‌ಗಳೂ ಓಡಾಡಿದವು.

ಲಾಭವೂ ಎಚ್ಚರವೂ

1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನ್ ಕುರಿತ ಧಾರಾವಾಹಿಯ ಚಿತ್ರೀಕರಣದ ವೇಳೆ ಬೆಂಕಿ ಅನಾಹುತವಾಗಿ 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಇಂದು ತೆರೆಯ ಮೇಲಿನ ಜ್ವಾಲೆಯನ್ನು ಕಂಪ್ಯೂಟರ್‌ನಲ್ಲೇ ಸೃಷ್ಟಿಸಬಹುದು. ಇದರಿಂದ ಕಲಾವಿದರಿಗೂ ಕಾರ್ಮಿಕರಿಗೂ ಅಪಾಯ ತಗ್ಗುತ್ತದೆ.

ಆದರೆ ಇನ್ನೊಂದು ಮುಖವೂ ಇದೆ. ನಟ ವಿಷ್ಣುವರ್ಧನ್ 2009ರಲ್ಲಿ ನಿಧನರಾದರು. 2016ರ ‘ನಾಗರಹಾವು’ ಚಿತ್ರದಲ್ಲಿ ಕಂಪ್ಯೂಟರ್ ಅವರ ರೂಪವನ್ನು ಮತ್ತೆ ತೆರೆಗೆ ತಂದಿತು. ಅದು ಸಿನಿಮಾ ಎಂದು ನೋಡುವವರಿಗೆ ಗೊತ್ತಿತ್ತು. ಮೊಬೈಲಿಗೆ ಬರುವ ಚಿತ್ರ ಹಾಗೆ ಹೇಳಿಕೊಂಡು ಬರುವುದಿಲ್ಲ. ಬೈಲಕುಪ್ಪೆಯ ಸ್ವರ್ಣಮಂದಿರದ ಹಿಂದೆ ಹಿಮಪರ್ವತವನ್ನು ಸೇರಿಸಿದರೆ ದೂರದೂರಿನವರು ನಂಬಿಯೇಬಿಡಬಹುದು! ಒಬ್ಬರ ಬಾಯಲ್ಲಿ ಅವರು ಆಡದ ಮಾತನ್ನೂ ಆಡಿಸಬಹುದು. ಆದ್ದರಿಂದ ‘ಇದನ್ನು ಯಾರು, ಎಲ್ಲಿ, ಯಾವಾಗ ತೆಗೆದರು?’ ಎಂದು ಮೊದಲು ಕೇಳಿ. ಉತ್ತರ ಸಿಗದಿದ್ದರೆ ಇತರರಿಗೆ ಕಳುಹಿಸಬೇಡಿ.

ಮಾಡಿ ನೋಡಿ

ಗ್ರಾಫ್ ಹಾಳೆಯಲ್ಲಿ ಚೌಕಗಳಿಗೆ ಬಣ್ಣ ತುಂಬಿ ನಗುವ ಮುಖ ಬರೆಯಿರಿ. ಇನ್ನೊಂದು ಹಾಳೆಯಲ್ಲಿ ಅದೇ ಮುಖ ಬರೆದು, ಬಾಯಿಯ ಕೆಲವೇ ಚೌಕಗಳನ್ನು ಬದಲಿಸಿ ಅಳುವ ಮುಖ ಮಾಡಿ. ಎರಡನ್ನೂ ಹತ್ತು ಹೆಜ್ಜೆ ದೂರದಿಂದ ಗೆಳೆಯರಿಗೆ ತೋರಿಸಿ. ಮೊದಲು ಬರೆದದ್ದು ಯಾವುದೆಂದು ಅವರು ಹೇಳಬಲ್ಲರೇ? ಎಷ್ಟು ಚೌಕಗಳನ್ನು ಬದಲಿಸಿದಿರಿ? ಎಣಿಸಿ ಬರೆದಿಡಿ.