ಹಳೆಯ ಕಾರಿನ ಇಂಜಿನು ತಡವರಿಸಿದಾಗ: ದೋಷ ಪತ್ತೆಯ ಕ್ರಮ

ಹಳೆಯ ಪೆಟ್ರೋಲ್ ಕಾರುಗಳಲ್ಲಿ ಕಾಣಿಸಿಕೊಳ್ಳುವ ದೋಷಗಳ ಪೈಕಿ ಇಂಜಿನು ಒಂದೇ ಸಮನೆ ಓಡದೆ ತಡವರಿಸುವುದು ಬಹು ಸಾಮಾನ್ಯವಾದುದು. ಗ್ಯಾರೇಜುಗಳಲ್ಲಿ ಇದನ್ನು ‘ಮಿಸ್ಸಿಂಗ್’ ಎಂದು ಕರೆಯುವುದು ವಾಡಿಕೆ. ನಿಂತ ವಾಹನ ನಡುಗುತ್ತದೆ; ಸಿಗ್ನಲಿನಲ್ಲಿ ಇಂಜಿನು ಬಂದ್ ಆಗುತ್ತದೆ; ಏರು ಹತ್ತುವಾಗ ಎಳೆತ ಸಾಲದಾಗುತ್ತದೆ; ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ. ಇಂತಹ ಸಂದರ್ಭದಲ್ಲಿ ಇಂದು ಪ್ಲಗ್ಗು, ನಾಳೆ ಕಾಯಿಲು, ನಾಡಿದ್ದು ಕಾರ್ಬುರೇಟರು ಎಂದು ಊಹೆಯ ಮೇಲೆ ಬಿಡಿಭಾಗಗಳನ್ನು ಬದಲಾಯಿಸುತ್ತ ಹೋಗುವ ಮಾಲೀಕರು ಅನೇಕರು. ಸಾವಿರಾರು ರೂಪಾಯಿ ವೆಚ್ಚವಾದ ಮೇಲೂ ದೋಷ ಹಾಗೆಯೇ ಉಳಿಯುವುದುಂಟು. ಮೊದಲು ಖರ್ಚಿಲ್ಲದ ಪರೀಕ್ಷೆ, ಆಮೇಲೆ ಖರ್ಚಿನ ದುರಸ್ತಿ ಎಂಬ ಕ್ರಮವನ್ನು ಅನುಸರಿಸಿದರೆ ಈ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಉದಾಹರಣೆಗೆ, 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರನ್ನು ತೆಗೆದುಕೊಳ್ಳಬಹುದು. ಅದರ ಹಳೆಯ ಮಾದರಿಗಳಲ್ಲಿ ಕಾರ್ಬುರೇಟರು ಹಾಗೂ 796 ಸಿ.ಸಿ. ಸಾಮರ್ಥ್ಯದ ಮೂರು ಸಿಲಿಂಡರುಗಳ ಇಂಜಿನು ಇದೆ. ಇದರಲ್ಲಿ ಒಂದು ಸಿಲಿಂಡರು ಕೆಲಸ ನಿಲ್ಲಿಸಿದರೆ ಮೂರನೆಯ ಒಂದು ಪಾಲು ಶಕ್ತಿ ನಷ್ಟವಾಗುವುದರಿಂದ ನಡುಕ ಎದ್ದು ಕಾಣುತ್ತದೆ.

ಇಂಜಿನಿನ ಮೂರು ಅಗತ್ಯಗಳು

ಪೆಟ್ರೋಲ್ ಇಂಜಿನು ಸರಿಯಾಗಿ ಓಡಲು ಮೂರು ಅಂಶಗಳು ಅಗತ್ಯ: ತಕ್ಕ ಸಮಯಕ್ಕೆ ಬಲವಾದ ಕಿಡಿ, ತಕ್ಕ ಪ್ರಮಾಣದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲು, ಹಾಗೂ ಆ ಮಿಶ್ರಣವನ್ನು ಅದುಮಿ ಹಿಡಿಯುವ ಒತ್ತಡ. ಈ ಒತ್ತಡವನ್ನೇ ಮೆಕ್ಯಾನಿಕ್ಕುಗಳು ಕಂಪ್ರೆಶನ್ ಎನ್ನುತ್ತಾರೆ. ದೋಷವು ಈ ಮೂರರಲ್ಲಿ ಯಾವುದಕ್ಕೆ ಸೇರಿದುದೆಂದು ತಿಳಿಯುವುದೇ ಪರೀಕ್ಷೆಯ ಉದ್ದೇಶ.

ಮುನ್ನೆಚ್ಚರಿಕೆಗಳು

ಪರೀಕ್ಷೆಯನ್ನು ಬಯಲಿನಲ್ಲಿಯೇ ನಡೆಸಬೇಕು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನು ಓಡಿಸಿದರೆ ವಾಸನೆಯಾಗಲಿ ಬಣ್ಣವಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿ ಪ್ರಾಣಕ್ಕೇ ಅಪಾಯ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್ ಬ್ರೇಕ್ ಎಳೆದಿರಬೇಕು. ಸೀರೆಯ ಸೆರಗು, ದುಪಟ್ಟಾ, ಸಡಿಲ ತೋಳುಗಳು ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು. ಪ್ಲಗ್ಗಿನ ತಂತಿಯಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಹರಿಯುವುದರಿಂದ ಇಂಜಿನು ಓಡುತ್ತಿರುವಾಗ ಅದನ್ನು ಮುಟ್ಟಕೂಡದು.

ಲಕ್ಷಣಗಳ ಅವಲೋಕನ

ಮೊದಲ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಕಾರಿನ ಹಿಂದೆ ನಿಂತು ಹೊಗೆ ಕೊಳವೆಯ ಸದ್ದನ್ನು ಆಲಿಸಬೇಕು. ತಾಳ ತಪ್ಪದೆ ಪ್ರತಿ ಮೂರನೆಯ ಬಡಿತ ಮಾತ್ರ ಇಲ್ಲವಾಗಿದ್ದರೆ ದೋಷವು ಒಂದೇ ಸಿಲಿಂಡರಿನದು. ತಾಳವೇ ಇಲ್ಲದೆ ಆಗೊಮ್ಮೆ ಈಗೊಮ್ಮೆ ತಡವರಿಸಿದರೆ ಕಾರ್ಬುರೇಟರು, ಪೆಟ್ರೋಲ್ ಪೂರೈಕೆ, ಕಾಯಿಲುಗಳಂತಹ ಎಲ್ಲ ಸಿಲಿಂಡರುಗಳಿಗೂ ಸಮಾನವಾದ ಭಾಗಗಳನ್ನು ಶಂಕಿಸಬೇಕು.

ದೋಷ ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದೂ ಮುಖ್ಯ. ನಿಂತಿರುವಾಗ ನಡುಗಿ ವೇಗದಲ್ಲಿ ಸರಿಹೋದರೆ ಗಾಳಿ ಸೋರಿಕೆ ಅಥವಾ ಸ್ಲೋ ಜೆಟ್ಟಿನ ಕಸ ಕಾರಣವಿರಬಹುದು. ಏರಿನಲ್ಲಿ ಮಾತ್ರ ತಡವರಿಸಿದರೆ ದುರ್ಬಲ ಕಿಡಿ ಅಥವಾ ಪೆಟ್ರೋಲಿನ ಕೊರತೆ ಕಾರಣವಿರಬಹುದು. ಮುಂಬಯಿ, ಚೆನ್ನೈಗಳಂತಹ ನಗರಗಳಲ್ಲಿ ಮಳೆ ಬಂದ ದಿನ ಮಾತ್ರ ಈ ತೊಂದರೆ ಕಂಡರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ಹಾಗೂ ತಂತಿಗಳಿಗೆ ತೇವ ಹಿಡಿದಿರುವ ಸಂಭವವೇ ಹೆಚ್ಚು. ಕತ್ತಲೆಯಲ್ಲಿ ಬಾನೆಟ್ ಎತ್ತಿ ನೋಡಿದರೆ ಬಿರುಕು ಬಿಟ್ಟ ತಂತಿಯಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುವುದುಂಟು.

ದೋಷವಿರುವ ಸಿಲಿಂಡರು ಯಾವುದು?

ಇಂಜಿನನ್ನು ನಿಲ್ಲಿಸಿ ಒಂದನೆಯ ಸಿಲಿಂಡರಿನ ಪ್ಲಗ್ ತಂತಿಯನ್ನು ಕಳಚಬೇಕು. ಅದಕ್ಕೆ ಬೇರೊಂದು ಪ್ಲಗ್ಗನ್ನು ಸಿಕ್ಕಿಸಿ, ಆ ಪ್ಲಗ್ಗಿನ ಮೈ ಇಂಜಿನಿನ ಲೋಹಕ್ಕೆ ಚೆನ್ನಾಗಿ ತಾಗಿರುವಂತೆ, ಕಾರ್ಬುರೇಟರಿನಿಂದ ದೂರವಾಗಿ ಭದ್ರಪಡಿಸಬೇಕು. ಅನಂತರ ಇಂಜಿನನ್ನು ಚಾಲೂ ಮಾಡಿ ಕೆಲವು ಸೆಕೆಂಡು ಗಮನಿಸಬೇಕು. ನಡುಕ ಹೆಚ್ಚಾದರೆ ಆ ಸಿಲಿಂಡರು ಅದುವರೆಗೆ ಕೆಲಸ ಮಾಡುತ್ತಿತ್ತೆಂದು ಅರ್ಥ. ತಂತಿಯನ್ನು ಮರಳಿ ಜೋಡಿಸಿ ಉಳಿದೆರಡನ್ನೂ ಹೀಗೆಯೇ ಪರೀಕ್ಷಿಸಬೇಕು. ಯಾವುದರ ತಂತಿ ಕಳಚಿದರೂ ಓಟದಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲವೋ ಅದೇ ದೋಷವಿರುವ ಸಿಲಿಂಡರು.

ದೆಹಲಿ, ಮುಂಬಯಿ, ಕಲ್ಕತ್ತ, ಚೆನ್ನೈ ಮಹಾನಗರಗಳಲ್ಲಿ 1995ರ ಏಪ್ರಿಲ್‌ನಿಂದ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಇಂತಹ ಕಾರುಗಳಲ್ಲಿ ಉರಿಯದ ಪೆಟ್ರೋಲು ಕನ್ವರ್ಟರನ್ನು ಸೇರಿ ಅದನ್ನು ಅತಿಯಾಗಿ ಕಾಯಿಸುವುದರಿಂದ ಈ ಪರೀಕ್ಷೆಯನ್ನು ಬೇಗನೆ ಮುಗಿಸಬೇಕು.

ಪ್ಲಗ್ಗು ಹೇಳುವ ಸಾಕ್ಷ್ಯ

ಇಂಜಿನು ತಣಿದ ಮೇಲೆ ಮೂರೂ ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟು ಹೋಲಿಸಬೇಕು. ತುದಿಯಲ್ಲಿ ತಿಳಿ ಕಂದು ಬಣ್ಣವಿದ್ದರೆ ಆರೋಗ್ಯದ ಲಕ್ಷಣ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು ಅಥವಾ ಚೋಕ್ ಪೂರ್ತಿ ತೆರೆಯದಿರಬಹುದು. ಜಿಡ್ಡಿನ ಕಪ್ಪು ಇದ್ದರೆ ಆಯಿಲ್ ಒಳನುಗ್ಗುತ್ತಿದೆ. ಬಿಳಿಚಿಕೊಂಡಿದ್ದರೆ ಪೆಟ್ರೋಲಿನ ಅಂಶ ಸಾಲದು ಅಥವಾ ಶಾಖ ಮಿತಿಮೀರಿದೆ.

ಅನಂತರ ಶಂಕಿತ ಪ್ಲಗ್ಗನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ಹಾಕಬೇಕು. ದೋಷವೂ ಪಕ್ಕದ ಸಿಲಿಂಡರಿಗೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಹೋಗದಿದ್ದರೆ ಆ ಸಿಲಿಂಡರಿನ ತಂತಿಯನ್ನೂ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೂ ಪರಿಶೀಲಿಸಬೇಕು. ಹೊಸ ಭಾಗ ಕೊಳ್ಳುವ ಮೊದಲೇ ಉತ್ತರ ದೊರೆಯುವುದು ಈ ಅದಲುಬದಲು ವಿಧಾನದ ಲಾಭ.

ಗಾಳಿ ಮತ್ತು ಪೆಟ್ರೋಲು

ಕಾಲ ಕಳೆದಂತೆ ರಬ್ಬರ್ ಕೊಳವೆಗಳು ಗಡುಸಾಗಿ ಬಿರುಕು ಬಿಡುತ್ತವೆ. ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ವ್ಯಾಕ್ಯೂಮ್ ಕೊಳವೆಗಳನ್ನು ಒಂದೊಂದಾಗಿ ಮೆಲ್ಲಗೆ ಹಿಸುಕಿ ನೋಡಬೇಕು. ಯಾವುದನ್ನು ಹಿಸುಕಿದಾಗ ಓಟ ಸರಿಹೋಗುತ್ತದೆಯೋ ಅಲ್ಲಿ ಅಥವಾ ಅದರ ತುದಿಯ ಭಾಗದಲ್ಲಿ ಸೋರಿಕೆ ಇದೆ. ಸೋರಿಕೆ ಹುಡುಕಲು ಬಿಸಿ ಇಂಜಿನಿನ ಮೇಲೆ ಪೆಟ್ರೋಲು ಚಿಮುಕಿಸುವ ರೂಢಿ ಅತ್ಯಂತ ಅಪಾಯಕಾರಿ.

2025ರ ವೇಳೆಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಬೆರಕೆ ಶೇಕಡ 20ನ್ನು ಮುಟ್ಟಿದೆ. ಎಥನಾಲಿಗೆ ತೇವಾಂಶವನ್ನು ಹೀರುವ ಗುಣವಿರುವುದರಿಂದ ತಿಂಗಳುಗಟ್ಟಲೆ ನಿಂತ ವಾಹನದ ಟ್ಯಾಂಕು ಹಾಗೂ ಕಾರ್ಬುರೇಟರಿನ ತಳವನ್ನು ಶುಚಿಗೊಳಿಸುವುದು ಯುಕ್ತ. ಹಳೆಯ ಪೆಟ್ರೋಲ್ ಕೊಳವೆಗಳನ್ನೂ ಗ್ಯಾಸ್ಕೆಟ್ಟುಗಳನ್ನೂ ಆಗಾಗ ಪರೀಕ್ಷಿಸಬೇಕು. ಪೆಟ್ರೋಲು ಜಿನುಗುತ್ತಿರುವುದು ಕಂಡರೆ ವಾಹನವನ್ನು ಓಡಿಸಲೇಬಾರದು.

ಕಂಪ್ರೆಶನ್ ಪರೀಕ್ಷೆ

ಕಿಡಿ, ಪೆಟ್ರೋಲು ಎರಡೂ ಸರಿಯಿದ್ದರೆ ಮಾತ್ರ ಮೆಕ್ಯಾನಿಕ್ಕಿನ ಮೂಲಕ ಗೇಜು ಹಾಕಿಸಿ ಒತ್ತಡವನ್ನು ಅಳೆಯಿಸಬೇಕು. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಬಂದರೆ ಅದರೊಳಗೆ ಒಂದು ಚಮಚೆ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಗ ಒತ್ತಡ ಏರಿದರೆ ಪಿಸ್ಟನ್ನಿನ ರಿಂಗುಗಳು ಸವೆದಿವೆ. ಏರದಿದ್ದರೆ ವಾಲ್ವಿನ ದೋಷವಿರಬಹುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲೂ ಕಡಿಮೆ ಇದ್ದರೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಂಭವವುಂಟು. ಈ ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಇವುಗಳನ್ನು ನೋಡದೆ ಇಂಜಿನು ಬಿಚ್ಚಿಸಲು ಒಪ್ಪಬಾರದು.

ಸಾರ್ವಜನಿಕ ಹಿತ

ತಡವರಿಸುವ ಇಂಜಿನು ಮಾಲೀಕರ ಹಣವನ್ನಷ್ಟೇ ಅಲ್ಲ, ಎಲ್ಲರೂ ಉಸಿರಾಡುವ ಗಾಳಿಯನ್ನೂ ಕೆಡಿಸುತ್ತದೆ. ಉರಿಯದೆ ಹೊರಬೀಳುವ ಪೆಟ್ರೋಲು ಹೊಗೆಯಲ್ಲಿ ಹೈಡ್ರೋಕಾರ್ಬನ್ ಆಗಿ ಸೇರುತ್ತದೆ. ಭಾರತ್ ಸ್ಟೇಜ್-2ಕ್ಕೆ ಮೊದಲು ತಯಾರಾದ ನಾಲ್ಕು ಚಕ್ರಗಳ ಪೆಟ್ರೋಲ್ ವಾಹನಗಳಿಗೆ ಕೇಂದ್ರ ಮೋಟಾರು ವಾಹನ ನಿಯಮಗಳು ವಿಧಿಸಿರುವ ಮಿತಿ ಕಾರ್ಬನ್ ಮಾನಾಕ್ಸೈಡಿಗೆ ಶೇಕಡ 3, ಹೈಡ್ರೋಕಾರ್ಬನ್ನಿಗೆ 1500 ಪಿ.ಪಿ.ಎಂ. ಆದುದರಿಂದ ಮಾಲಿನ್ಯ ತಪಾಸಣೆಯ ಚೀಟಿಯಲ್ಲಿರುವ ಅಂಕಿಗಳನ್ನು ಹಿಂದಿನ ಚೀಟಿಯೊಡನೆ ಹೋಲಿಸಿ ನೋಡುವ ಅಭ್ಯಾಸ ಒಳ್ಳೆಯದು. ಹೈಡ್ರೋಕಾರ್ಬನ್ನಿನ ಅಂಕಿ ಒಮ್ಮೆಲೇ ಏರಿದ್ದರೆ ನಡುಕ ಕಾಣಿಸುವ ಮುನ್ನವೇ ಇಂಜಿನು ಎಚ್ಚರಿಕೆ ನೀಡುತ್ತಿದೆ ಎಂದು ತಿಳಿಯಬೇಕು.